ಹಿಂದಿನ ಸಾಲಿನ ಆ ಒಬ್ಬರು

ಧ್ವನಿ ಹೊರಡಿಸದೆ ಬಾಯಿ ಆಡಿಸುವುದು ಸುಲಭ ಎಂದುಕೊಂಡವರು ಒಮ್ಮೆ ಕನ್ನಡಿಯ ಮುಂದೆ ನಿಂತು ಆಡಿಸಿ ನೋಡಬೇಕು. ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡು, ಬಚ್ಚಲಮನೆಯ ಬಾಗಿಲಿಗೆ ಚಿಲಕ ಹಾಕಿಕೊಂಡು, ಪುಟ್ಟು ಬೆಳಗಿನಿಂದ ಅದನ್ನೇ ಮಾಡುತ್ತಿದ್ದ. ಐವತ್ತು ದಾಟಿ, ತಲೆ ಅರ್ಧ ಬೋಳಾಗಿ, ಸ್ವಂತ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರೂ ಅವನು ಪುಟ್ಟುವೇ. ಅಕ್ಕ ಇಟ್ಟ ಹೆಸರು, ಅಕ್ಕ ಇರುವವರೆಗೆ ಬದಲಾಗುವ ಹಾಗಿಲ್ಲ. ‘ಒಂದೇ ಕೊರಳು, ನಮ್ಮದು ಒಂದೇ ಕೊರಳು’ ಎಂದು ಸದ್ದಿಲ್ಲದೆ ತುಟಿ ಅರಳಿಸಿದ. ತುಟಿ ಸರಿಯಾಗಿಯೇ ಅರಳಿತು, ಕಣ್ಣು ಕೈಕೊಟ್ಟಿತು. ಹಾಡುವವನ ಕಣ್ಣು ಬೇರೆ, ಹಾಡಿದಂತೆ ನಟಿಸುವವನ ಕಣ್ಣು ಬೇರೆ. ಕಣ್ಣಿನ ವ್ಯಾಪಾರದಲ್ಲೇ ಕೂದಲು ಉದುರಿಸಿಕೊಂಡವನಿಗೆ ಅಷ್ಟೂ ತಿಳಿಯದೆ? ಕನ್ನಡಿಯಲ್ಲಿದ್ದವನು ಹಲ್ಲು ಕೀಳಿಸಲು ಬಂದವನ ಹಾಗೆ ಬಾಯಿ ತೆರೆದು, ಎಲ್ಲಿ ನೋಡಬೇಕೋ ತಿಳಿಯದೆ, ನಲ್ಲಿಯನ್ನು ನೋಡುತ್ತಿದ್ದ. “ಏನ್ರೀ, ಒಳಗೆ ಸದ್ದೇ ಇಲ್ವಲ್ಲ, ಇವತ್ತಾದ್ರೂ ನಾಲ್ಕು ಸಲ ಹಾಡ್ಕೊಳ್ಳಬಾರ್ದಾ,” ಎಂದು ಹೆಂಡತಿ ಹೊರಗಿನಿಂದ ಕೇಳಿದಳು. ಗಂಟಲು ಉಳಿಸಿಕೊಳ್ಳುತ್ತಿದ್ದೇನೆ ಎಂದ. ಉಳಿಸಿಕೊಂಡು ಏನು ಮಾಡುವುದು, ಉಪ್ಪಿನಕಾಯಿ ಹಾಕುವುದೇ, ಎಂದು ತನ್ನನ್ನೇ ಕೇಳಿಕೊಂಡು ಗಲ್ಲದ ಮೇಲೆ ಬ್ಲೇಡು ಎಳೆದ. ಕಿವಿಯ ಕೆಳಗೆ ಕೊಯ್ದುಕೊಂಡಿತು.

ವಿಷಯ ಇಷ್ಟೇ. ಆ ಪ್ರಾಂತ್ಯಕ್ಕೆ ಬಾವುಟವಿತ್ತು, ಮುದ್ರೆಯಿತ್ತು, ಯಾರೂ ಕಣ್ಣಾರೆ ಕಾಣದ ಒಂದು ಅಧಿಕೃತ ಹಕ್ಕಿಯೂ ಇತ್ತು, ಹಾಡೊಂದಿರಲಿಲ್ಲ. ಹಾಡು ಬರೆಸಲು ಕೂತ ಸಮಿತಿಯಲ್ಲಿ ನದಿಯ ಈಚೆಯವರು ಆಚೆಯವರ ಬೆಟ್ಟಕ್ಕೆ ಒಪ್ಪಲಿಲ್ಲ, ಆಚೆಯವರು ಈಚೆಯವರ ಬಂದರಿಗೆ ಒಪ್ಪಲಿಲ್ಲ. ನದಿಯ ಹೆಸರನ್ನು ಎರಡು ದಡದವರೂ ಬೇರೆ ಬೇರೆಯಾಗಿ ಕರೆಯುತ್ತಿದ್ದುದರಿಂದ ಅದೂ ಬಿದ್ದುಹೋಯಿತು. ಕೊನೆಗೆ ಯಾರ ತಕರಾರೂ ಇಲ್ಲದ್ದೆಂದು ಉಳಿದದ್ದು ಕೊರಳು. ಅದು ಎರಡೂ ದಡದವರಿಗೆ ಇತ್ತು. ರಾಗ ಹಾಕಿಸಿ, ರಾಜಧಾನಿಯ ವಾದ್ಯಗೋಷ್ಠಿಯನ್ನೂ ಅದರ ಗಾಯಕರನ್ನೂ ಗೊತ್ತುಮಾಡಿಯಾದ ಮೇಲೆ ಸಂಸ್ಕೃತಿ ಇಲಾಖೆಯ ಅಧಿಕಾರಿಗೆ ಜ್ಞಾನೋದಯವಾಯಿತು: ಜನರ ಗೀತೆಯಲ್ಲಿ ಜನರೂ ಇರಬೇಕಲ್ಲ? ಹಾಗೆ ಜನರನ್ನು ಹುಡುಕುವಾಗ ಸಿಕ್ಕಿದ್ದು ಪುಟ್ಟುವಿನ ಊರಿನ ಹವ್ಯಾಸಿ ಗಾಯನ ಮಂಡಳಿ. ಒಬ್ಬ ಟೈಲರ್, ಒಬ್ಬಳು ದಂತವೈದ್ಯೆ, ನಿವೃತ್ತ ಪೋಸ್ಟ್‌ಮಾಸ್ಟರು, ಬೇಕರಿಯ ಗಂಡಹೆಂಡಿರು, ಅಂಥವರು ಇನ್ನೊಂದಷ್ಟು ಜನ. ಎಲ್ಲರಿಗಿಂತ ಮೇಲೆ, ಮಂಡಳಿಯನ್ನು ಹುಟ್ಟುಹಾಕಿದ ಅಕ್ಕ, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು, ನಿವೃತ್ತಿಯನ್ನು ಮಾತ್ರ ಇನ್ನೂ ಒಪ್ಪದವಳು. ಮೊದಲೆರಡು ಚರಣ ರಾಜಧಾನಿಯ ವೃತ್ತಿಯವರದು ಎಂದಾಯಿತು. ಮೂರನೆಯದರಲ್ಲಿ ಅವರೂ ನಿಲ್ಲಿಸಬೇಕು, ವಾದ್ಯಗಳೂ ನಿಲ್ಲಬೇಕು, ಹಿಂದಿನ ಸಾಲಿನ ಹವ್ಯಾಸಿಗಳಷ್ಟೇ ಹಾಡಬೇಕು. ಕೊನೆಯ ಸಾಲಿಗೆ ಮತ್ತೆ ವಾದ್ಯಗಳು ಬಂದು ಸೇರಬೇಕು. ಇಲಾಖೆಯ ಕಾಗದಪತ್ರಗಳಲ್ಲಿ ಅದಕ್ಕೆ ‘ಜನರ ಚರಣ’ ಎಂದು ಹೆಸರು. ವೃತ್ತಿಯವರು ತಮ್ಮತಮ್ಮಲ್ಲಿ ಅದನ್ನು ಬೇರೆ ಏನೆಂದೋ ಕರೆಯುತ್ತಿದ್ದರೆಂದು ಟೈಲರಿಗೆ ಗುಮಾನಿ, ಆದರೆ ಏನೆಂದು ಪತ್ತೆಯಾಗಿರಲಿಲ್ಲ.

ಅಂಗಡಿ ತೆರೆದು, ಗಾಜಿನ ಪೆಟ್ಟಿಗೆ ಒರೆಸಿ, ಮೊದಲ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸುವಾಗಲೂ ಪುಟ್ಟುವಿನ ಕಿವಿಯಲ್ಲಿದ್ದದ್ದು ಕಡ್ಡಿ ಮಾಸ್ತರ ಮಾತು. ವಾದ್ಯಗೋಷ್ಠಿಯ ನಿರ್ದೇಶಕರಿಗೆ ಮಂಡಳಿಯವರು ಇಟ್ಟ ಹೆಸರು ಅದು. ಕೈಯಲ್ಲೊಂದು ಬಿಳಿಯ ಕಡ್ಡಿ, ಮೈಯೂ ಹೆಚ್ಚುಕಡಿಮೆ ಅದೇ ಗಾತ್ರ. ಬಹಳ ಮರ್ಯಾದಸ್ಥ ಮನುಷ್ಯ. ಹವ್ಯಾಸಿಗಳು ಪುಕ್ಕಟೆ ಬಂದವರು, ಅವರ ಮನಸ್ಸು ನೋಯಿಸಬೇಡಿ ಎಂದು ಅಧಿಕಾರಿ ಹೇಳಿದ್ದನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದರೆ ತಪ್ಪು ಮಾಡಿದವರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಳೆದ ವಾರ, ಕೊನೆಯ ಅಭ್ಯಾಸದ ಕೊನೆಯಲ್ಲಿ, ಕಡ್ಡಿಯನ್ನು ಕೆಳಗಿಟ್ಟು, ಕತ್ತು ಓರೆ ಮಾಡಿ ಹೇಳಿದ್ದರು: “ಹಿಂದಿನ ಸಾಲಲ್ಲಿ ಒಬ್ಬರ ಸ್ವರ ಇಳೀತಾ ಇದೆ. ಯಾರು ಅಂತ ನಾನು ಹೇಳಲ್ಲ. ಆ ಒಬ್ಬರಿಗೆ ತಾವ್ಯಾರು ಅಂತ ಗೊತ್ತಿದೆ. ರೆಕಾರ್ಡಿಂಗ್ ದಿನ ಆ ಒಬ್ಬರು ದಯವಿಟ್ಟು ಬಾಯಿ ಮಾತ್ರ ಆಡಿಸಲಿ, ಧ್ವನಿ ಬೇಡ. ಉಳಿದವರು ಧಾರಾಳವಾಗಿ ಹಾಡಿ.” ಹೇಳುವಾಗ ಅವರು ನೋಡಿದ್ದು ಯಾರನ್ನೂ ಅಲ್ಲ, ಹಿಂದಿನ ಗೋಡೆಯ ಗಡಿಯಾರವನ್ನು. ಗಡಿಯಾರ ಸರಿಯಾಗಿ ಪುಟ್ಟುವಿನ ತಲೆಯ ಮೇಲಿತ್ತು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಮರ್ಯಾದಸ್ಥರಿಗೆ ಸಾಧ್ಯವೇ? ಅವನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ನಿಂತಿದ್ದ ಅಕ್ಕ ಉಸಿರುಬಿಟ್ಟು, ಅವನ ಮುಂಗೈಯನ್ನು ಮೆಲ್ಲಗೆ ತಟ್ಟಿದಳು.

ಆ ತಟ್ಟುವಿಕೆ ಹೊಸದಲ್ಲ. ಮನೆಗೆ ಯಾರಾದರೂ ಬಂದಾಗ ಅಮ್ಮ ಅಕ್ಕನನ್ನು ನಡುಮನೆಯಲ್ಲಿ ನಿಲ್ಲಿಸುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಕುರ್ಚಿಯ ಕೈಗೆ ಜೋತುಬಿದ್ದ ಪುಟ್ಟುವಿಗೆ ಒಳಗಿನಿಂದ ಹಾಡು ಉಕ್ಕಿ ಬರುತ್ತಿತ್ತು, ತಡೆಯಲಾರದೆ ತಾನೂ ಬಾಯಿ ಹಾಕುತ್ತಿದ್ದ. ಎರಡು ಧ್ವನಿ ಸೇರಿದ ಕೂಡಲೇ ಏನೋ ಕೆಟ್ಟುಹೋಗುತ್ತಿತ್ತು. ಬಂದವರು ಕಾಫಿ ಲೋಟದೊಳಗೆ ನೋಡುತ್ತಿದ್ದರು. ‘ಪುಟ್ಟು, ನೀನು ಸುಮ್ನಿರು, ಅಕ್ಕನ ಹಾಡು ಕೆಡಿಸಬೇಡ,’ ಎಂದು ಅಮ್ಮ. ಅಕ್ಕ ಮಾತ್ರ ಬೈಯುತ್ತಿರಲಿಲ್ಲ. ಪಾಪ, ಅವನ ತಪ್ಪಲ್ಲ, ದೇವರು ಕೊಟ್ಟಿಲ್ಲ ಎಂದು ಮುಂಗೈ ತಟ್ಟುತ್ತಿದ್ದಳು. ಕೆಟ್ಟದ್ದು ಎರಡರಲ್ಲಿ ಒಂದು ಸ್ವರ ಎಂದಾದರೆ, ಅದು ಚಿಕ್ಕವನದೇ ಇರಬೇಕು ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಪುಟ್ಟುವಿಗಂತೂ ಮೊದಲೇ ಇರಲಿಲ್ಲ. ಅಕ್ಕನ ಸ್ವರವೇ ಅಳತೆಗೋಲು. ಅಳತೆಗೋಲನ್ನು ಯಾರಾದರೂ ಅಳೆಯುತ್ತಾರೆಯೇ? ಇಷ್ಟಾಗಿಯೂ ಅವನು ಹಾಡುವುದನ್ನು ಬಿಡಲಿಲ್ಲ, ಅದೇ ಅವನ ಜೀವನದ ನಾಚಿಕೆಗೇಡು. ಕದ್ದು ಸೇದುವವರ ಹಾಗೆ ಕದ್ದು ಹಾಡಿದ, ಬಚ್ಚಲಲ್ಲಿ, ಗಾಜು ಉಜ್ಜುವ ಯಂತ್ರದ ಸದ್ದಿನ ಮರೆಯಲ್ಲಿ. ಅಕ್ಕ ಮಂಡಳಿ ಕಟ್ಟಿದಾಗ, ಸಾಲು ತುಂಬಲು ಗಂಡಸರು ಸಾಲದೆ, ಹೋಗಲಿ ನೀನೂ ಬಾ, ನನ್ನ ಪಕ್ಕದಲ್ಲೇ ನಿಂತ್ಕೋ ಎಂದದ್ದಕ್ಕೆ ಅವನು ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದ. ಈಗ ಪ್ರಾಂತ್ಯವೇ ಹಾಡುವಾಗ, ಅವನೊಬ್ಬ ಬೇಡ ಎಂದು ಅಧಿಕೃತವಾಗಿ ಗೊತ್ತಾಗಿತ್ತು.

“ಹೀಗೆ ಚೆನ್ನಾಗಿ ಕಾಣುತ್ತಾ, ಹೀಗಾ?” ಎಂದು ಗಿರಾಕಿಯ ಮೂಗಿನ ಮೇಲಿನ ಚೌಕಟ್ಟಿನಲ್ಲಿ ಗಾಜು ಬದಲಾಯಿಸುತ್ತ ಕೇಳಿದ. ಗಿರಾಕಿ ಬೆವರಿದ. ಮೊದಲನೆಯದು ಎಂದ, ಅಲ್ಲ ಎರಡನೆಯದು ಎಂದ, ಕೊನೆಗೆ ನೀವು ಹೇಗೆ ಹೇಳ್ತೀರೋ ಹಾಗೆ ಎಂದ. ಎಲ್ಲರೂ ಹೀಗೆಯೇ. ತಮ್ಮ ಕಣ್ಣಿಗೆ ಏನು ಕಾಣುತ್ತದೆ ಎಂದು ಕೇಳಿದರೂ ಪರೀಕ್ಷೆಯಲ್ಲಿ ನಪಾಸಾಗುವವರಂತೆ ಹೆದರುತ್ತಾರೆ. ಇನ್ನೊಬ್ಬರು ಸರಿ ಎಂದರೆ ಮಬ್ಬನ್ನೂ ಒಪ್ಪಿಕೊಂಡು ದುಡ್ಡು ಕೊಟ್ಟು ಹೋಗುತ್ತಾರೆ. ಅಷ್ಟರಲ್ಲಿ ಟೈಲರ್ ಬಂದ, ಕನ್ನಡಕದ ಸಡಿಲವಾದ ತಿರುಪು ಬಿಗಿ ಮಾಡಿಸಿಕೊಳ್ಳಲು. ಯಾವಾಗಲೂ ಬಾಯಿಗೆ ಬೀಗವಿಲ್ಲದವನು ಇಂದು ಕೌಂಟರಿನ ಅಂಚನ್ನು ಬೆರಳಿನಿಂದ ಅಳೆಯುತ್ತ ನಿಂತಿದ್ದ. ಗಂಟಲು ಯಾಕೋ ಸರಿಯಿಲ್ಲ, ಮಧ್ಯಾಹ್ನ ನೋಡಬೇಕು ಎಂದ. ಅವನ ಕಣ್ಣು ತಪ್ಪಿಸುವ ರೀತಿ ನೋಡಿ ಪುಟ್ಟುವಿಗೆ ಎಲ್ಲ ಅರ್ಥವಾಯಿತು: ಇವನಿಗೆ ಗೊತ್ತು. ಇಡೀ ಸಾಲಿಗೇ ಗೊತ್ತು. ಎಲ್ಲರೂ ಸಭ್ಯತೆಯಿಂದ ಕಣ್ಣು ತಪ್ಪಿಸುತ್ತಿದ್ದಾರೆ. ತಿರುಪನ್ನು ಅವನು ಎಷ್ಟು ಬಿಗಿ ಮಾಡಿದನೆಂದರೆ ಕಿವಿಯ ಕಡ್ಡಿ ಮಡಚಲಾಗದೆ ಟೈಲರ್ ಕನ್ನಡಕವನ್ನು ಹಾಗೇ ಹಾಕಿಕೊಂಡು ಹೋಗಬೇಕಾಯಿತು.

ಮಧ್ಯಾಹ್ನ ಸಭಾಂಗಣಕ್ಕೆ ಹೋದಾಗ ವೃತ್ತಿಯವರು ಆಗಲೇ ಕಪ್ಪು ಬಟ್ಟೆಯಲ್ಲಿ, ತಮ್ಮತಮ್ಮ ನೀರಿನ ಬಾಟಲಿಯೊಂದಿಗೆ, ಬೇಸರವನ್ನು ಕೂಡ ಅಭ್ಯಾಸ ಮಾಡಿಕೊಂಡವರ ಹಾಗೆ ಕೂತಿದ್ದರು. ಹವ್ಯಾಸಿಗಳು ಮದುವೆಗೆ ಬಂದಂತೆ ಬಂದಿದ್ದರು. ಬೇಕರಿಯ ಹೆಂಗಸು ಎಲ್ಲರಿಗೂ ಬನ್ನು ತಂದಿದ್ದಳು. ಪಿಟೀಲಿನವರು ಮೊದಲು ಬೇಡವೆಂದು ಆಮೇಲೆ ಎರಡೆರಡು ತಿಂದರು. ಮನೆಯವರಿಗೆಲ್ಲ ಹಿಂದಿನ ಗಾಜಿನ ಕೋಣೆಯಲ್ಲಿ ಸ್ಪೀಕರಿನ ಮುಂದೆ ಕುರ್ಚಿ ಹಾಕಿದ್ದರು. ಅಲ್ಲಿ ಪುಟ್ಟುವಿನ ಹೆಂಡತಿ ಇದ್ದಳು. ದಾರಿಯಲ್ಲಿ ಬರುವಾಗ ಅವಳು, ನೂರು ಜನ ಹಾಡಿದರೂ ನಿಮ್ಮ ಧ್ವನಿ ನನಗೆ ಗೊತ್ತಾಗುತ್ತದೆ ಎಂದಿದ್ದಳು. ಗೊತ್ತಾಗದಿದ್ದರೆ ಏನು ಹೇಳುತ್ತಾಳೆ? ಇಲ್ಲದ ಧ್ವನಿಯನ್ನು ಕೇಳಿದೆ ಎಂದು ಪ್ರೀತಿಯಿಂದ ಸುಳ್ಳು ಹೇಳುತ್ತಾಳೆಯೇ? ಅದೇ ಹೆಚ್ಚು ಭಯಂಕರ ಎನಿಸಿತು. ಹಿಂದಿನ ಸಾಲಿನಲ್ಲಿ ಅಕ್ಕ ಅವನ ಎಡಕ್ಕೆ ನಿಂತು, ಗಂಟಲಿಗೆಂದು ಒಂದು ಪುದೀನ ಮಿಠಾಯಿಯನ್ನು ಅವನ ಅಂಗೈಗೆ ಒತ್ತಿ, ಕಾಲರು ಸರಿ ಮಾಡಿ, ಕಿವಿಯ ಕೆಳಗಿನ ಗಾಯ ನೋಡಿ ಚ್ ಎಂದಳು. ಧ್ವನಿಯಿಲ್ಲದವನಿಗೆ ಮಿಠಾಯಿ ಯಾಕೆ ಎಂದು ಕೇಳಬೇಕೆನಿಸಿದರೂ ಬಾಯಿಗೆ ಹಾಕಿಕೊಂಡ.

ಕೆಂಪು ದೀಪ ಹತ್ತಿತು. ಕಡ್ಡಿ ಮಾಸ್ತರು ಕಡ್ಡಿ ಎತ್ತಿದರು. ವೃತ್ತಿಯವರ ಬೇಸರ ಎಲ್ಲಿ ಹೋಯಿತೋ, ಮೊದಲ ಚರಣ ಎದ್ದುನಿಂತ ರೀತಿಗೆ ಪುಟ್ಟುವಿನ ಮೈ ಜುಮ್ಮೆಂದಿತು. ಬೆಟ್ಟವೂ ಬಂದರೂ ಇಲ್ಲದ ಆ ಬಡ ಪದಗಳಿಗೂ ಅವರು ಜೀವ ಕೊಟ್ಟಿದ್ದರು. ಎರಡನೆಯ ಚರಣ ಮುಗಿಯಿತು. ವಾದ್ಯಗಳು ಒಟ್ಟಿಗೆ ನಿಂತವು, ನಿಂತ ಸ್ವರ ಇನ್ನೂ ಸಭಾಂಗಣದಲ್ಲಿ ತೂಗುತ್ತಿತ್ತು; ಕಡ್ಡಿ ಮಾಸ್ತರು ಎರಡೂ ಕೈಯನ್ನು ಹಿಂದಿನ ಸಾಲಿನ ಕಡೆ ಅಗಲಿಸಿದರು, ಬನ್ನಿ ಜನರೇ ಎಂಬಂತೆ. ಪುಟ್ಟು ಬಾಯಿ ತೆರೆದ. ಬೆಳಗಿನ ಅಭ್ಯಾಸದಂತೆ ತುಟಿ ಅರಳಿಸಿದ. ಟೈಲರ್ ಬಾಯಿ ತೆರೆದ, ದಂತವೈದ್ಯೆ ತನ್ನ ಮೂವತ್ತೆರಡನ್ನೂ ತೋರಿಸಿದಳು, ಪೋಸ್ಟ್‌ಮಾಸ್ಟರು ಕತ್ತಿನ ನರ ಉಬ್ಬಿಸಿದರು, ಬೇಕರಿಯ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡದೆ ದವಡೆ ಆಡಿಸಿದರು. ಒಂದು ಸಾಲು ಬಾಯಿ ತೆರೆದಿತ್ತು, ಒಂದು ಬಾಯಿಯಿಂದಲೂ ಧ್ವನಿ ಹೊರಡಲಿಲ್ಲ.

ಒಂದರಿಂದ ಹೊರಟಿತು. ಅಕ್ಕ, ಕಣ್ಣು ಮುಚ್ಚಿ, ಎದೆ ತುಂಬಿ, ಆ ನಿಶ್ಶಬ್ದದ ನಡುವೆ ಒಬ್ಬಳೇ ಹಾಡುತ್ತಿದ್ದಳು: ‘ಒಂದೇ ಕೊರಳು, ನಮ್ಮದು ಒಂದೇ ಕೊರಳು.’

ಪುಟ್ಟುವಿಗೆ ಮೊದಲು ತಿಳಿದದ್ದು ಟೈಲರಿನ ಬೆಳಗಿನ ಮುಖ. ಗೊತ್ತಿದ್ದು ಕಣ್ಣು ತಪ್ಪಿಸಿದ ಮುಖವಲ್ಲ ಅದು, ತನ್ನದೇ ಮುಖ. ಗಡಿಯಾರ ತಂತಮ್ಮ ತಲೆಯ ಮೇಲೇ ಇದೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಎರಡನೆಯದಾಗಿ ತಿಳಿದದ್ದನ್ನು ನಂಬಲು ಅವನಿಗೆ ಅರ್ಧ ಸಾಲು ಬೇಕಾಯಿತು. ವಾದ್ಯಗಳು ಬಿಟ್ಟುಹೋದ ಸ್ವರ ಇನ್ನೂ ಕಿವಿಯಲ್ಲಿತ್ತು, ಅದರ ಪಕ್ಕದಲ್ಲೇ ಅಕ್ಕನ ಸ್ವರವಿತ್ತು. ಹೀಗಾ, ಹೀಗಾ? ಎಂದು ಯಾರೋ ಗಾಜು ಬದಲಾಯಿಸಿ ಕೇಳಿದ ಹಾಗಾಯಿತು. ಅಕ್ಕನದು ಕೆಳಗಿತ್ತು. ಸ್ವಲ್ಪವೇ, ಆದರೆ ಖಂಡಿತವಾಗಿ, ನಿಶ್ಚಿಂತೆಯಿಂದ, ಇಡೀ ಜೀವಮಾನ ಕೆಳಗೇ ಇದ್ದದ್ದರ ನೆಮ್ಮದಿಯಿಂದ ಕೆಳಗಿತ್ತು. ಹಾಗಾದರೆ ನಡುಮನೆಯಲ್ಲಿ ಕೆಟ್ಟದ್ದು? ಕಾಫಿ ಲೋಟದೊಳಗೆ ನೋಡಿದವರು? ಅಮ್ಮ, ನೀನು ಕೇಳಬೇಕಿತ್ತು. ಅವನಿಗೆ ಕೂಗಬೇಕೆನಿಸಿತು, ನಗಬೇಕೆನಿಸಿತು. ಜೊತೆಗೇ, ಹೇಳಲು ನಾಚಿಕೆ, ಒಂದು ಸಣ್ಣ ನಷ್ಟವೂ ಆಯಿತು: ಒಂದು ವಾರವಾದರೂ ಅವನು ಆ ಒಬ್ಬನಾಗಿದ್ದ, ಇಡೀ ಪ್ರಾಂತ್ಯದ ಹಾಡು ಅವನ ಬಾಯಿ ಮುಚ್ಚುವುದರ ಮೇಲೆ ನಿಂತಿತ್ತು. ಈಗ ಅದೂ ಇಲ್ಲ. ಈಗ ಅವನು ಬಾಯಿ ತೆರೆದು, ಸರಿಯಾದ ಸ್ವರದಲ್ಲಿ, ವಾದ್ಯಗಳು ಬಿಟ್ಟ ಜಾಗದಲ್ಲೇ ಕಾಲಿಟ್ಟರೆ ಸಾಕು. ಗಾಜಿನ ಕೋಣೆಯಲ್ಲಿ ಹೆಂಡತಿ ಕೇಳುತ್ತಾಳೆ. ಕಡ್ಡಿ ಮಾಸ್ತರು ಕೇಳುತ್ತಾರೆ. ಯಾರ ಸ್ವರ ಸರಿ, ಯಾರದು ಇಳಿದದ್ದು ಎಂದು ಮುದ್ರಿತವಾಗಿ, ಶಾಶ್ವತವಾಗಿ ಉಳಿಯುತ್ತದೆ.

ಅಕ್ಕ ಕಣ್ಣು ತೆರೆಯುವುದು ಸಾಲಿನ ಕೊನೆಯಲ್ಲಿ, ಉಸಿರಿಗೆ. ಅದು ಅವನಿಗೆ ಗೊತ್ತಿತ್ತು. ಕಡ್ಡಿ ಮಾಸ್ತರ ಹುಬ್ಬು ಮೇಲೇರಿತ್ತು, ಕಡ್ಡಿ ಹಾಡು ನಿಲ್ಲಿಸಲು ಎದ್ದಿತ್ತು. ಮುಂದಿನ ಸಾಲಿನಿಂದ ಕಪ್ಪು ಬಟ್ಟೆಯವಳೊಬ್ಬಳು ಹಿಂತಿರುಗಿ ನೋಡಿ, ತುಟಿ ಕಚ್ಚಿಕೊಂಡಿದ್ದಳು. ಇನ್ನೊಂದು ಕ್ಷಣದಲ್ಲಿ ಅಕ್ಕ ಕಣ್ಣು ತೆರೆಯುತ್ತಾಳೆ. ತೆರೆದರೆ ಕಾಣುವುದೇನು? ತನ್ನೊಬ್ಬಳ ಸ್ವರ, ಸುತ್ತ ಮೌನ, ಒಂದು ನಗು. ಶಾಲೆಯ ಎಷ್ಟೋ ಮಕ್ಕಳಿಗೆ ಹಾಡು ಹೇಳಿಕೊಟ್ಟವಳು. ಅಪ್ಪ ಹೋದ ಮೇಲೆ ತಾನು ಓದುವುದನ್ನು ಬಿಟ್ಟು ಕೆಲಸಕ್ಕೆ ಸೇರಿ ಅವನನ್ನು ಓದಿಸಿದವಳು. ಪುಟ್ಟು ಮಿಠಾಯಿಯನ್ನು ಕೆನ್ನೆಗೆ ತಳ್ಳಿ, ಕಿವಿಯಲ್ಲಿದ್ದ ಸರಿಯಾದ ಸ್ವರವನ್ನು ಗೊತ್ತಿದ್ದೂ ಬಿಟ್ಟು, ಒಂದು ಮೆಟ್ಟಿಲು ಕೆಳಗಿಳಿದು, ಅಕ್ಕ ಎಲ್ಲಿದ್ದಳೋ ಅಲ್ಲಿಗೆ ಹೋಗಿ, ಗಟ್ಟಿಯಾಗಿ ಹಾಡಿದ.

ಅವನ ಧ್ವನಿ ಕೇಳಿ ಟೈಲರಿಗೆ ಧೈರ್ಯ ಬಂತು. ದಂತವೈದ್ಯೆ ಸೇರಿದಳು, ಪೋಸ್ಟ್‌ಮಾಸ್ಟರು, ಬೇಕರಿ, ಒಬ್ಬರಾದ ಮೇಲೊಬ್ಬರು, ಎಲ್ಲರೂ ಸಿಕ್ಕಿದ ಸ್ವರಕ್ಕೇ ಬಂದು ನಿಂತರು. ಎಲ್ಲರೂ ಒಂದೇ ಕಡೆ ಇಳಿದ ಮೇಲೆ ಇಳಿದದ್ದು ಎಂದು ಹೇಳುವವರು ಯಾರು? ಅಕ್ಕ ಉಸಿರಿಗೆ ಕಣ್ಣು ತೆರೆದಾಗ ಸುತ್ತ ಎಲ್ಲರೂ ಹಾಡುತ್ತಿದ್ದರು. ಅವಳು ತೃಪ್ತಿಯಿಂದ ಮತ್ತೆ ಮುಚ್ಚಿದಳು. ಕಡ್ಡಿ ಮಾಸ್ತರ ಕಡ್ಡಿ ಗಾಳಿಯಲ್ಲೇ ಸ್ವಲ್ಪ ಅನುಮಾನಿಸಿ, ಆಮೇಲೆ ತಾಳ ಹಾಕಿತು. ಕೊನೆಯ ಸಾಲು ಬಂದಾಗ ವಾದ್ಯದವರು ಕಮಾನು ಎತ್ತಿದರು; ಅವರು ಆಗ ತಮ್ಮ ಸರಿಯಾದ ಸ್ವರದಲ್ಲಿ ಸೇರಿದ್ದರೆ ಎಲ್ಲ ಬಯಲಾಗುತ್ತಿತ್ತು. ಕಡ್ಡಿ ಮಾಸ್ತರು ಎಡಗೈಯನ್ನು ಮಗುವಿನ ತಲೆ ಒತ್ತಿ ಮಲಗಿಸುವಂತೆ ಕೆಳಗೆ ಒತ್ತಿದರು. ಕಮಾನುಗಳು ತೊಡೆಯ ಮೇಲೆ ಮಲಗಿದವು. ಹಾಡು ವಾದ್ಯವಿಲ್ಲದೆ, ಬರೀ ಜನರಲ್ಲೇ ಮುಗಿಯಿತು. ವೃತ್ತಿ ಎಂದರೆ ಇದು ಎಂದು ಪುಟ್ಟುವಿಗೆ ಆ ಕ್ಷಣ ಅವರ ಮೇಲೆ ಗೌರವ ಉಕ್ಕಿತು.

ಕೆಂಪು ದೀಪ ಆರಿದ ಕೂಡಲೇ ಕಡ್ಡಿ ಮಾಸ್ತರು ಇನ್ನೊಮ್ಮೆ ತೆಗೆಯೋಣ ಎನ್ನಲು ಬಾಯಿ ತೆರೆದರು, ಆದರೆ ಅಧಿಕಾರಿ ಕರವಸ್ತ್ರ ಹಿಡಿದು ಓಡಿಬಂದಿದ್ದ. ಮೊದಲು ಒಂದೇ ಕೊರಳು, ಆಮೇಲೆ ಎರಡು, ಆಮೇಲೆ ಇಡೀ ಜನ! ವಾದ್ಯ ಬೇಡವೇ ಬೇಡ ಎಂದು ಬಿಟ್ಟ ಧೈರ್ಯ! ಇದು ಯಾರಿಗೆ ಹೊಳೆದದ್ದು ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಡ್ಡಿ ಮಾಸ್ತರ ಎರಡೂ ಕೈ ಹಿಡಿದು ಕುಲುಕಿದ. ಇನ್ನೊಮ್ಮೆ ತೆಗೆಯುವ ಮಾತೇ ಇಲ್ಲ, ಇನ್ನು ಮೇಲೆ ಎಲ್ಲ ಶಾಲೆ ಕಚೇರಿಗಳಲ್ಲಿ ಇದೇ ಪ್ರಕಾರ ಹಾಡತಕ್ಕದ್ದು ಎಂದು ಅಲ್ಲೇ ಘೋಷಿಸಿದ. ಕಡ್ಡಿ ಮಾಸ್ತರು ಅರ್ಧ ಬಗ್ಗಿ ವಂದಿಸಿದರು. ಮರ್ಯಾದಸ್ಥರಿಗೆ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಹಿಂದಿನ ಸಾಲಿನವರು ಉಳಿದ ಬನ್ನು ತಿನ್ನುತ್ತ, ಗಡಿಯಾರದ ವಿಷಯವನ್ನು ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಂಡು, ನೀವೂನಾ ನೀವೂನಾ ಎಂದು ಭುಜ ತಟ್ಟಿಕೊಂಡರು. ಹಾಗಾದರೆ ನಿಜವಾಗಿ ಆ ಒಬ್ಬರು ಯಾರು ಎಂದು ಟೈಲರ್ ಕೇಳಿದ. ಯಾರಾದರೇನು, ನಾನೇ ಅಂತಿಟ್ಟುಕೊಳ್ಳಿ ಎಂದ ಪುಟ್ಟು.

ಹೊರಗೆ ಮೆಟ್ಟಿಲಿಳಿಯುವಾಗ ಅಕ್ಕ ಅವನ ತೋಳು ಹಿಡಿದುಕೊಂಡಳು. ಹೆಂಡತಿ ಎರಡು ಮೆಟ್ಟಿಲು ಹಿಂದಿದ್ದಳು. ಅಕ್ಕ ಧ್ವನಿ ತಗ್ಗಿಸಿ, ಶಾಲೆಯಲ್ಲಿ ದಡ್ಡ ಮಗುವಿಗೆ ಹೇಳುವ ಅದೇ ಅಂತಃಕರಣದಿಂದ ಹೇಳಿದಳು: “ಬೇಜಾರು ಮಾಡ್ಕೋಬೇಡ ಪುಟ್ಟು. ಅವರು ನಿನ್ನನ್ನೇ ಅಂದಿದ್ದು ಅಂತ ನಂಗೆ ಅವತ್ತೇ ಗೊತ್ತಾಯ್ತು. ಅದಕ್ಕೇ ಇವತ್ತು ಅಷ್ಟು ಜೋರಾಗಿ ಹಾಡಿದೆ, ನಿಂದು ಯಾರಿಗೂ ಕೇಳಿಸಬಾರದು ಅಂತ. ಆದ್ರೂ ಈ ಸಲ ಪರವಾಗಿಲ್ಲ ಕಣೋ, ನನ್ನ ಸ್ವರಕ್ಕೆ ಸರಿಯಾಗಿ ಸೇರಿದೆ.”

ಪುಟ್ಟುವಿನ ಗಂಟಲವರೆಗೆ ಬಂದದ್ದು ಒಂದಲ್ಲ, ನಲವತ್ತು ವರ್ಷದ ಮಾತು. ಕರಗಿ ಚೂರಾದ ಮಿಠಾಯಿಯ ಜೊತೆ ಅದನ್ನೂ ನುಂಗಿದ. ತುಂಬ ಉಪಕಾರವಾಯಿತು ಎಂದ. ಹೇಳಿದ ಮೇಲೆ ನೋಡಿದರೆ ಅದು ಸುಳ್ಳೂ ಆಗಿರಲಿಲ್ಲ. ಅಕ್ಕ ಮುಂಗೈ ತಟ್ಟಿ, ತೋಳು ಬಿಟ್ಟು, ಮುಖ್ಯೋಪಾಧ್ಯಾಯಿನಿಯ ನಡಿಗೆಯಲ್ಲಿ ಮುಂದಾದಳು. ಹೆಂಡತಿ ಪಕ್ಕಕ್ಕೆ ಬಂದಳು.

“ಬಚ್ಚಲಲ್ಲಿ ಹಾಡೋವಾಗ ಆ ಜಾಗದಲ್ಲಿ ನೀವು ಇನ್ನೂ ಮೇಲೆ ಇರ್ತೀರಿ,” ಎಂದಳು. “ಇವತ್ತು ಬೇಕಂತಲೇ ಇಳಿಸಿದ್ರಿ, ಅಲ್ವಾ?”

ಅವನಿಗೆ ಕಣ್ಣು ಮಂಜಾಯಿತು. ಇಷ್ಟು ವರ್ಷ ಬಾಗಿಲಿನ ಆಚೆ ಒಬ್ಬಳು ಕೇಳಿಸಿಕೊಳ್ಳುತ್ತಿದ್ದಳು, ಅವನು ಚಿಲಕ ಹಾಕಿಕೊಂಡು ಕೂತಿದ್ದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಗಿರಾಕಿಗಳಿಗೆ ಯಾವತ್ತೂ ಹಾಗೆ ಮಾಡಬೇಡಿ ಎಂದು ಹೇಳುವ ಕೆಲಸ ಅದು. ಏನದು ಗುಸುಗುಸು ಎಂದು ಅಕ್ಕ ಮುಂದಿನಿಂದ ತಿರುಗಿ ಕೇಳಿದಳು.

“ಏನಿಲ್ಲ ಅಕ್ಕ. ನೀನು ಹಾಡು.”

ಅಕ್ಕ ಹಾಡಿದಳು. ಬೀದಿಯಲ್ಲಿ ಹೋಗುತ್ತಿದ್ದವರು ಒಬ್ಬಿಬ್ಬರು ತಿರುಗಿ ನೋಡಿದರು. ಪುಟ್ಟು ಹೆಂಡತಿಯ ಪಕ್ಕದಲ್ಲಿ, ಅಕ್ಕನ ಹಿಂದೆ, ಧ್ವನಿ ಹೊರಡಿಸದೆ ಬಾಯಿ ಮಾತ್ರ ಆಡಿಸುತ್ತ ನಡೆದ. ಈ ಸಲ ಕಣ್ಣೂ ಕೈಕೊಡಲಿಲ್ಲ.